ಫಿಟ್ಸ್ ಔಷಧಿ: ಒಂದು ಹೊತ್ತೂ ತಪ್ಪದಿರಲಿ

ಮಗುವಿಗೆ ಫಿಟ್ಸ್ ಬಂದಾಗ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸುತ್ತಾರೆ. ಆದರೆ ಫಿಟ್ಸ್ ನಿಂತ ಮೇಲೆ ದಿನಕ್ಕೆರಡು ಹೊತ್ತು ಔಷಧಿ ಕೊಡುವ ಕೆಲಸ ತಾಯಿಯೊಬ್ಬಳ ಪಾಲಿಗೆ ಬೀಳುತ್ತದೆ. "ಈಗ ಆರಾಮಾಗಿದ್ದಾನಲ್ಲ, ಇನ್ನೂ ಯಾಕೆ ಮಾತ್ರೆ?" ಎಂದು ಅತ್ತೆ ಕೇಳಿದರೆ ಏನೆನ್ನುತ್ತೀರಿ? ಅವನು ಆರಾಮಾಗಿರುವುದೇ ಆ ಮಾತ್ರೆಯಿಂದ ಅಲ್ಲವೇ? ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಬಾರದಿದ್ದರೆ ಮಾತ್ರ ವೈದ್ಯರು ನಿಲ್ಲಿಸುವ ಯೋಚನೆ ಮಾಡುತ್ತಾರೆ. ಆಗಲೂ ಸ್ವಲ್ಪ ಸ್ವಲ್ಪವಾಗಿಯೇ ಕಡಿಮೆ ಮಾಡುತ್ತಾರೆ.

ಇದು ದೊಡ್ಡ ನಗರದವರಿಗೆ, ಹಣವಿದ್ದವರಿಗೆ ಮಾತ್ರ ಸಿಗುವ ಚಿಕಿತ್ಸೆಯೂ ಅಲ್ಲ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳ ರೋಗಿಗಳಿಗೆ ಫೀನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಿಗಳನ್ನು ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಇವುಗಳಿಂದಲೂ ಬಹಳ ಮಂದಿಯ ಫಿಟ್ಸ್ ಹತೋಟಿಗೆ ಬರುತ್ತದೆಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಇನ್ನು ಚಮಚದ ವಿಷಯ. ದಯವಿಟ್ಟು ಅಡುಗೆಮನೆಯ ಚಮಚದಲ್ಲಿ ಸಿರಪ್ ಅಳೆಯಬೇಡಿ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಸೂಜಿಯಿಲ್ಲದ ಸಿರಿಂಜ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದರ ಗೆರೆ ನೋಡಿ ಕೊಡಿ. "ಐದು ಎಂಎಲ್" ಎಂದು ಬಾಯಿಪಾಠ ಮಾಡಿಕೊಂಡರೂ ಸಾಲದು. ವಾಲ್‌ಪ್ರೋಯೇಟ್ ಸಿರಪ್ಪಿನ 5 ಎಂಎಲ್‌ನಲ್ಲಿ ಸಾಮಾನ್ಯವಾಗಿ 200 ಮಿ.ಗ್ರಾಂ. ಔಷಧಿಯಿದ್ದರೆ, ಲೆವೆಟಿರಾಸಿಟಮ್ ಸಿರಪ್ಪಿನ 5 ಎಂಎಲ್‌ನಲ್ಲಿ 500 ಮಿ.ಗ್ರಾಂ. ಇರುತ್ತದೆ. ಬಾಟಲಿ ಬದಲಾದಾಗ ಹೆಸರು, ಮಿ.ಗ್ರಾಂ. ಎರಡನ್ನೂ ಹಳೆಯ ಚೀಟಿಯೊಂದಿಗೆ ಹೋಲಿಸಿ. ಫೆನಿಟಾಯಿನ್ ಸಿರಪ್ಪನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಮೇಲಿನದು ತೆಳ್ಳಗೆ, ತಳದ್ದು ವಿಪರೀತ ಗಟ್ಟಿ. 'ಸಿ.ಆರ್.' ಅಥವಾ 'ಕ್ರೋನೋ' ಎಂದಿರುವ ಮಾತ್ರೆ ನಿಧಾನವಾಗಿ ಕರಗಬೇಕಾದದ್ದು. ಅದನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಬೇಡಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಹೋದರಿಯರಿಗೆ ಮಳೆಗಾಲದ ಮಾತೂ ಹೇಳಬೇಕು. ಸೋಡಿಯಂ ವಾಲ್‌ಪ್ರೋಯೇಟ್ ಮಾತ್ರೆ ತೇವವನ್ನು ಎಳೆದುಕೊಳ್ಳುತ್ತದೆ. ವಾರದ ಮಾತ್ರೆ ಬಿಡಿಸಿ ಡಬ್ಬಿಯಲ್ಲಿಟ್ಟರೆ ನಮ್ಮ ಆಷಾಢದ ಗಾಳಿಗೆ ಅದು ಅಂಟಂಟಾಗುತ್ತದೆ. ಕೊಡುವ ಹೊತ್ತಿಗೇ ಪಟ್ಟಿಯಿಂದ ಬಿಡಿಸಿ, ಪಟ್ಟಿಯನ್ನು ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಿ. ಮರ ಬಿದ್ದು, ಗುಡ್ಡ ಜರಿದು ದಾರಿ ಕಟ್ಟುವ ಊರುಗಳಿವು. ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋದಾಗ ಹದಿನೈದು ದಿನಕ್ಕೆ ಹೆಚ್ಚಾಗುವಷ್ಟು ಔಷಧಿ ತಂದಿಡಿ. ಕೊನೆಯ ಮಾತ್ರೆ ನುಂಗಿಸಿದ ಮೇಲೆ ಅಂಗಡಿಗೆ ಹೊರಟರೆ ತಡವಾಯಿತೆಂದೇ ಅರ್ಥ.

ಒಂದು ಹೊತ್ತು ಮರೆತರೆ? ಬೇಗ ನೆನಪಾದರೆ ಕೊಟ್ಟುಬಿಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನಷ್ಟೇ ಕೊಡಿ, ಎರಡೂ ಸೇರಿಸಿ ಕೊಡಬೇಡಿ. ಮಾತ್ರೆ ನುಂಗಿದ ಕೂಡಲೇ ವಾಂತಿಯಾದರೆ ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ. ಹೊಸ ಔಷಧಿ ಶುರುವಾದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು ಕಂಡರೆ ಅಥವಾ ವಾಲ್‌ಪ್ರೋಯೇಟ್ ತಿನ್ನುವ ಮಗು ಬಿಡದೆ ವಾಂತಿ ಮಾಡುತ್ತ ಮಂಕಾದರೆ, ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಹಂಡೆಯ ಬಿಸಿನೀರು ನಮ್ಮವರಿಗೆ ಬಲು ಇಷ್ಟ. ಆದರೆ ತಲೆಗೆ ಸುಡುನೀರು ಸುರಿದಾಗಲೇ ಬರುವ ಒಂದು ಬಗೆಯ ಫಿಟ್ಸ್ ಇದೆ, ಅದು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು ಕಂಡುಬಂದಿದೆ. ಸ್ನಾನದ ಹೊತ್ತಿಗೇ ಬರುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಕೆಲವರಿಗೆ ಸ್ನಾನಕ್ಕೆ ಮುಂಚೆ ಮಾತ್ರ ಕೊಡುವ ಔಷಧಿಯೂ ಉಂಟು. ಅಲ್ಲಿಯವರೆಗೆ ನೀರು ಉಗುರುಬೆಚ್ಚಗಿರಲಿ, ಬಚ್ಚಲಿಗೆ ಚಿಲಕ ಬೇಡ. ತುಂಗೆಗೋ ಭದ್ರೆಯ ಹಿನ್ನೀರಿಗೋ ಒಬ್ಬನನ್ನೇ ಬಿಡಬೇಡಿ.

ರಂಝಾನ್ ಬಂದಾಗ ಹತ್ತು-ಹನ್ನೆರಡರ ಮಕ್ಕಳು ಉಪವಾಸಕ್ಕೆ ಹಟ ಹಿಡಿಯುತ್ತಾರೆ. ಉಪವಾಸದಿಂದ ಔಷಧಿಯ ಹೊತ್ತು ಬದಲಾಗುತ್ತದೆ, ಸಹರಿಗೆ ಎದ್ದು ನಿದ್ದೆಯೂ ಕೆಡುತ್ತದೆ. ನಿದ್ದೆಗೆಟ್ಟರೆ ಫಿಟ್ಸ್ ಕೆರಳುತ್ತದೆ. ರೋಗಿಗಳಿಗೆ ವಿನಾಯಿತಿ ಇರುವಾಗ, ಪ್ರಾಯಕ್ಕೆ ಬಾರದ ಮಗುವಿಗೆ ಈ ಕಷ್ಟವೇಕೆ? ಇಫ್ತಾರಿಗೆ ಅವನ ಕೈಯಿಂದಲೇ ಖರ್ಜೂರ ಹಂಚಿಸಿ, ಅವನ ಮನಸ್ಸೂ ತುಂಬೀತು.

ಹೆಣ್ಣುಮಗಳಿದ್ದರೆ ಇನ್ನೊಂದು ಮಾತು. ಗರ್ಭದಲ್ಲಿನ ಮಗುವಿಗೆ ವಾಲ್‌ಪ್ರೋಯೇಟ್ ಹಾನಿಕರ. ಅವಳು ದೊಡ್ಡವಳಾಗುತ್ತಿರುವಾಗಲೇ ಬೇರೆ ಔಷಧಿಯ ಬಗ್ಗೆ ವೈದ್ಯರ ಬಳಿ ಮಾತಾಡಿ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಅವಳು ಗಂಡನ ಮನೆಯಲ್ಲಿ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾಳೆ.

ಫಿಟ್ಸ್ ಬಂದೇಬಿಟ್ಟರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ನೀರು, ಮಾತ್ರೆ, ಚಮಚ ಏನೂ ಬೇಡ. 5 ನಿಮಿಷದಲ್ಲಿ ನಿಲ್ಲದಿದ್ದರೆ ವೈದ್ಯರು ಹೇಳಿಕೊಟ್ಟಂತೆ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹಾಕಿ, 108ಕ್ಕೆ ಕರೆ ಮಾಡಿ. ರಜೆಗೆ ಅಜ್ಜಿಯ ಮನೆಗೆ ಕಳಿಸುವಾಗ ಬಟ್ಟೆಯ ಚೀಲದಲ್ಲಿ ಈ ಸ್ಪ್ರೇ, ಔಷಧಿ, ಸಿರಿಂಜ್, ಕನ್ನಡದಲ್ಲಿ ಬರೆದ ಚೀಟಿ ನಾಲ್ಕೂ ಇರಲಿ.