ಹೊಸ ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸುತ್ತಿಲ್ಲವೇ?



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಎಂದಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಹತ್ತು ವರ್ಷ ದುಡಿದ ಕಂಪ್ಯೂಟರನ್ನು ಬದಿಗಿಟ್ಟು ಹೊಸದನ್ನು ಜೋಡಿಸುವ ಕೆಲಸ ಹಲವು ಮನೆಗಳಲ್ಲಿ ನಡೆಯುತ್ತಿದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಆನ್‌ಲೈನ್‌ನಲ್ಲೋ ಬಿಡಿಭಾಗಗಳನ್ನು ತರಿಸಿ, ಪಿಯುಸಿ ಓದುವ ಮಗನೋ ಮಗಳೋ ಯೂಟ್ಯೂಬ್ ನೋಡಿಕೊಂಡು ಒಂದು ಭಾನುವಾರದಲ್ಲಿ ಜೋಡಿಸಿ ಬಿಡುತ್ತಾರೆ. ಗುಂಡಿ ಒತ್ತಿದಾಗ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆಯೂ ಬೆಳಗುತ್ತದೆ. ಆದರೆ ದುಬೈಯಿಂದ ಮನೆಯವರು ತಂದುಕೊಟ್ಟ ಎಸ್‌ಎಸ್‌ಡಿ ಎಲ್ಲೂ ಕಾಣಿಸುವುದಿಲ್ಲ. ಇಲ್ಲವೇ ಅದು ಕಾಣಿಸಿ, ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ಹಾಕಿದ ಹಾರ್ಡ್ ಡಿಸ್ಕ್ ಕಾಣಿಸುವುದಿಲ್ಲ.

ಮೊದಲನೆಯದು ಹಣದ ಪ್ರಶ್ನೆ. ಎರಡನೆಯದು ಹಾಗಲ್ಲ. ಆ ಹಳೆಯ ಡಿಸ್ಕ್‌ನಲ್ಲಿ ಅಕ್ಕನ ನಿಕಾಹ್‌ನ ವಿಡಿಯೋ, ಮಕ್ಕಳು ಅಂಬೆಗಾಲಿಡುತ್ತಿದ್ದ ದಿನಗಳ ಚಿತ್ರ, ತೀರಿಹೋದ ಅಬ್ಬನ ಧ್ವನಿ ಇರುತ್ತದೆ. ಅಂಗಡಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ಅದು ಸಿಗುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ. ಹಳೆಯ ಡಿಸ್ಕ್ ಜೋಡಿಸಿದಾಗ ವಿಂಡೋಸ್ 'ಇನಿಷಿಯಲೈಸ್ ಮಾಡಬೇಕೇ?' ಅಥವಾ 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಕೇಳಿದರೆ ಒಪ್ಪಬೇಡಿ. 'ಕ್ಯಾನ್ಸಲ್' ಒತ್ತಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಡ್ರೈವ್ ಕಾಣದಿದ್ದಾಗ ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾರಿಗೆ ಕಾಣುತ್ತಿಲ್ಲ? ಮದರ್‌ಬೋರ್ಡಿಗೋ, ವಿಂಡೋಸಿಗೋ? ಕಂಪ್ಯೂಟರ್ ಆನ್ ಮಾಡಿದ ಕೂಡಲೇ 'ಡೆಲ್' ಅಥವಾ 'ಎಫ್2' ಕೀಲಿಯನ್ನು ಒತ್ತುತ್ತಾ ಇದ್ದರೆ ಬಯಾಸ್ ಎಂಬ ಪುಟ ತೆರೆಯುತ್ತದೆ. ಅದರಲ್ಲಿ 'ಸ್ಟೋರೇಜ್' ಎಂಬಲ್ಲಿ ಡ್ರೈವ್‌ನ ಹೆಸರು ಇದೆಯೇ ನೋಡಿ. ಅಲ್ಲಿ ಹೆಸರಿದ್ದರೆ ವಯರು, ಕನೆಕ್ಷನ್ ಎಲ್ಲ ಸರಿಯಿದೆ ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು. ಸಮಸ್ಯೆ ವಿಂಡೋಸ್‌ನದ್ದು. ಹೆಸರಿಲ್ಲದಿದ್ದರೆ ವಿಂಡೋಸ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ, ಪೆಟ್ಟಿಗೆಯ ಬಾಗಿಲು ತೆಗೆಯಬೇಕು. ಈ ಒಂದು ನೋಟ ಅರ್ಧ ದಿನದ ಪರದಾಟವನ್ನು ಉಳಿಸುತ್ತದೆ. ಆದರೆ ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ವಿಂಡೋಸ್ ಅನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ.

ಬಾಗಿಲು ತೆಗೆಯುವ ಮೊದಲು ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹರಿದು ಹೋಗಲಿ.

ಈಗಿನ ಎಸ್‌ಎಸ್‌ಡಿಗಳಲ್ಲಿ ಚ್ಯೂಯಿಂಗ್ ಗಮ್ ಪಟ್ಟಿಯಂತಹ ಒಂದು ಬಗೆಯಿದೆ. ಅದಕ್ಕೆ ಎಂ.2 ಎಂದು ಹೆಸರು. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ್ದು ಹೆಚ್ಚು ಬಳಕೆಯಲ್ಲಿರುವುದರಿಂದ ಲೇಬಲ್ಲಿನಲ್ಲಿ 2280 ಎಂದು ಬರೆದಿರುತ್ತದೆ. ಗೊಂದಲ ಶುರುವಾಗುವುದು ಇಲ್ಲಿಂದಲೇ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಒಂದೇ ಆಕಾರದಲ್ಲಿ ಸಾಟಾ ಎಂಬ ನಿಧಾನದ ಬಗೆಯೂ ಇದೆ, ಎನ್‌ವಿಎಂಇ ಎಂಬ ವೇಗದ ಬಗೆಯೂ ಇದೆ. ಮದರ್‌ಬೋರ್ಡಿನ ಕೆಲವು ಕಿಂಡಿಗಳು ಎನ್‌ವಿಎಂಇಗೆ ಮಾತ್ರ ಉತ್ತರ ಕೊಡುತ್ತವೆ. ಅದರಲ್ಲಿ ಸಾಟಾ ಬಗೆಯದ್ದನ್ನು ಹಾಕಿದರೆ ಸರಿಯಾಗಿಯೇ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ, ಆದರೆ ಬೋರ್ಡಿಗೆ ಕಾಣಿಸುವುದೇ ಇಲ್ಲ. ಡ್ರೈವ್ ಕೆಟ್ಟಿಲ್ಲ, ಅದರ ಜಾಗ ಅದಲ್ಲ ಅಷ್ಟೇ. ಸಾಮಾನ್ಯವಾಗಿ ಸಾಟಾ ಬಗೆಯದ್ದರ ಅಂಚಿನಲ್ಲಿ ಎರಡು ಕಚ್ಚುಗಳಿರುತ್ತವೆ, ಎನ್‌ವಿಎಂಇಯಲ್ಲಿ ಒಂದು. ಇದಕ್ಕೆ ಅಪವಾದಗಳಿರುವುದರಿಂದ ಲೇಬಲ್ಲನ್ನೇ ಓದುವುದು ಮೇಲು. ವಿದೇಶದಿಂದ ತರಿಸುವವರು ಮದರ್‌ಬೋರ್ಡಿನ ಹೆಸರನ್ನು ವಾಟ್ಸಾಪ್‌ನಲ್ಲಿ ಮೊದಲೇ ಕಳಿಸಿದರೆ ಈ ತೊಂದರೆ ಬರುವುದಿಲ್ಲ. 'ಒಂದು ಟಿಬಿಯದ್ದು ತನ್ನಿ' ಎಂದರೆ ಸಾಲದು.

ಎಂ.2 ಡ್ರೈವನ್ನು ಸ್ವಲ್ಪ ಓರೆಯಾಗಿ ಹಿಡಿದು ಕಿಂಡಿಯೊಳಗೆ ಪೂರ್ತಿ ತಳ್ಳಬೇಕು, ಆಮೇಲೆ ಒತ್ತಿ ಮಲಗಿಸಿ ಸ್ಕ್ರೂ ಹಾಕಬೇಕು. ಹೊಳೆಯುವ ಹಳದಿ ಹಲ್ಲುಗಳು ಹೊರಗೆ ಎದ್ದು ಕಾಣುತ್ತಿದ್ದರೆ ಅದು ಪೂರ್ತಿ ಕೂತಿಲ್ಲ. ಸ್ಕ್ರೂ ಕೆಳಗೆ ಒಂದು ಪುಟ್ಟ ಲೋಹದ ಕಾಲು ಇರುತ್ತದೆ. ಅದನ್ನು ಹಾಕದೆ ಬಿಗಿದರೆ ಡ್ರೈವ್ ಬಾಗಿ, ಇನ್ನೊಂದು ತುದಿ ಕಿಂಡಿಯಲ್ಲಿ ಮೇಲೇಳುತ್ತದೆ. ಆ ಕಾಲು ಮದರ್‌ಬೋರ್ಡಿನ ಡಬ್ಬದಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ, ಕಸದೊಂದಿಗೆ ಎಸೆದುಬಿಡುವ ವಸ್ತುಗಳಲ್ಲಿ ಅದೇ ಮೊದಲನೆಯದು.

ಸಾಟಾ ಹಾರ್ಡ್ ಡಿಸ್ಕ್ ಮತ್ತು ಎರಡೂವರೆ ಇಂಚಿನ ಎಸ್‌ಎಸ್‌ಡಿಗಳಿಗೆ ಎರಡು ವಯರು ಬೇಕು. ಮಾಹಿತಿ ಹೋಗುವ ಚಿಕ್ಕದು ಮದರ್‌ಬೋರ್ಡಿಗೆ, ವಿದ್ಯುತ್ತಿನ ಅಗಲವಾದದ್ದು ಪವರ್ ಸಪ್ಲೈಗೆ. ಹೊಸಬರು ಎರಡನೆಯದನ್ನು ಮರೆಯುವುದು ಅಪರೂಪವೇನಲ್ಲ. ಮಾಮೂಲಿ ಹಾರ್ಡ್ ಡಿಸ್ಕ್ ಆದರೆ ಆನ್ ಮಾಡಿದಾಗ ಅದರ ಮೇಲೆ ಮೆಲ್ಲನೆ ಬೆರಳಿಟ್ಟು ನೋಡಿ. ತಿರುಗುವ ನಡುಕ ತಿಳಿದರೆ ವಿದ್ಯುತ್ ಬರುತ್ತಿದೆ ಎಂದರ್ಥ, ಆಗ ಮಾಹಿತಿಯ ವಯರನ್ನು ಬದಲಿಸಿ ನೋಡಿ, ಬೋರ್ಡಿನ ಬೇರೆ ಕಿಂಡಿಗೆ ಚುಚ್ಚಿ ನೋಡಿ. ಹಲವು ಬೋರ್ಡುಗಳಲ್ಲಿ ಎಂ.2 ಕಿಂಡಿಯೊಂದನ್ನು ಬಳಸಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಇಬ್ಬರಿಗೆ ಒಂದೇ ದಾರಿ ಇಟ್ಟಿರುವುದರಿಂದ ಹೀಗಾಗುತ್ತದೆ. ಯಾವ ಕಿಂಡಿ ಎಂಬುದು ಬೋರ್ಡಿನ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ತಯಾರಕರ ತಾಣದಲ್ಲಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈಗಿನ ಪವರ್ ಸಪ್ಲೈಗಳಲ್ಲಿ ವಯರುಗಳನ್ನು ಬಿಚ್ಚಿ ಜೋಡಿಸುವ ಬಗೆ ಸಾಮಾನ್ಯ. ಹಳೆಯ ಪವರ್ ಸಪ್ಲೈಯ ವಯರು ಹೊಸದಕ್ಕೆ ಸಲೀಸಾಗಿ ಹೊಂದಿಕೊಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಹಾಗಿದ್ದಲ್ಲಿ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡ್ರೈವ್ ಸುಟ್ಟುಹೋಗುತ್ತದೆ. ಹಳೆಯ ವಯರು ಎಷ್ಟೇ ಚೆನ್ನಾಗಿದ್ದರೂ ಈ ವಿಷಯದಲ್ಲಿ ಉಳಿತಾಯ ಬೇಡ. ಆ ಪವರ್ ಸಪ್ಲೈ ಜೊತೆಗೆ ಬಂದ ವಯರನ್ನೇ ಬಳಸಿ.

ಇನ್ನು ಕೆಲವು ಮನೆಗಳಲ್ಲಿ 2003ಕ್ಕೂ ಹಿಂದಿನ ಡಿಸ್ಕ್‌ಗಳಿವೆ, ಅಗಲವಾದ ರಿಬ್ಬನ್‌ನಂತಹ ವಯರಿನವು. ಅವುಗಳ ಕಿಂಡಿ ಈಗಿನ ಬೋರ್ಡುಗಳಲ್ಲಿ ಇಲ್ಲ. ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ವಿದ್ಯುತ್ತಿಗೆ ಪ್ರತ್ಯೇಕ ಪ್ಲಗ್ ಇರುವಂಥದ್ದನ್ನೇ ಕೇಳಿ ಪಡೆಯಿರಿ.

ಬಯಾಸ್‌ನಲ್ಲಿ ಹೆಸರಿದೆ, ವಿಂಡೋಸ್‌ನಲ್ಲಿಲ್ಲ ಎಂದಾದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗಡೆ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಹೊಚ್ಚ ಹೊಸ ಡ್ರೈವ್ ಕಪ್ಪು ಪಟ್ಟಿಯಾಗಿ, 'ಅನ್‌ಅಲೊಕೇಟೆಡ್' ಎಂದು ಕಾಣುತ್ತದೆ. ಹೊಸ ಮನೆಗೆ ಇನ್ನೂ ಕೋಣೆ ಹಾಕಿಲ್ಲ, ಅಷ್ಟೇ. ಇದನ್ನು ಇನಿಷಿಯಲೈಸ್ ಮಾಡಬಹುದು. ಜಿಪಿಟಿ, ಎಂಬಿಆರ್ ಎಂದು ಎರಡು ಆಯ್ಕೆ ಬಂದಾಗ ಜಿಪಿಟಿ ಆರಿಸಿ. ಎಂಬಿಆರ್ ಹಳೆಯ ಪದ್ಧತಿ, ಅದು 2 ಟಿಬಿಗಿಂತ ಆಚೆಗಿನ ಜಾಗವನ್ನು ಬಳಸಲು ಬಿಡುವುದಿಲ್ಲ. ಆಮೇಲೆ ಕಪ್ಪು ಪಟ್ಟಿಯ ಮೇಲೆ ಬಲಗಡೆ ಒತ್ತಿ 'ನ್ಯೂ ಸಿಂಪಲ್ ವಾಲ್ಯೂಮ್' ಕೊಟ್ಟರೆ ಡ್ರೈವ್ ಬಳಕೆಗೆ ಸಿದ್ಧ. ಒಂದು ಟಿಬಿಯದ್ದು 931 ಜಿಬಿ ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿದರೆಂದು ಬೇಸರಿಸಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ವಿಂಡೋಸ್ ಹಾಕುವಾಗಲೇ ಪಟ್ಟಿ ಖಾಲಿ ಬಂದರೆ, ಇಂಟೆಲ್‌ನ 11ನೇ ಪೀಳಿಗೆ ಮತ್ತು ನಂತರದ ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರಬಹುದು. ಮದರ್‌ಬೋರ್ಡಿನ ತಾಣದಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್ ಡ್ರೈವ್‌ಗೆ ಇಳಿಸಿ, 'ಲೋಡ್ ಡ್ರೈವರ್' ಎಂಬಲ್ಲಿ ತೋರಿಸಿದರೆ ಪಟ್ಟಿ ತುಂಬುತ್ತದೆ. ಬಯಾಸ್‌ನಲ್ಲಿ ವಿಎಂಡಿಯನ್ನು ಆಫ್ ಮಾಡುವುದೂ ಒಂದು ದಾರಿ, ಆದರೆ ವಿಂಡೋಸ್ ಹಾಕಿದ ಮೇಲೆ ಅದನ್ನು ಬದಲಾಯಿಸಿದರೆ ಕಂಪ್ಯೂಟರ್ ಏಳದೇ ಹೋಗಬಹುದು.

ಇನ್ನು ಹಳೆಯ ಡಿಸ್ಕ್‌ನ ಮಾತು. ಹೊಸದಾಗಿ ವಿಂಡೋಸ್ ಹಾಕುವಾಗ ಅದರ ವಯರು ಕಿತ್ತಿಡಿ. ಎರಡು ಡ್ರೈವ್‌ಗಳು ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದರೆ ತಪ್ಪಿ ಹಳೆಯದನ್ನು ಅಳಿಸುವ ಅಪಾಯ ನಿಜವಾದದ್ದು. ಜೊತೆಗೆ ವಿಂಡೋಸ್ ತನ್ನ ಬೂಟ್ ಕಡತಗಳನ್ನು ಹಳೆಯ ಡಿಸ್ಕ್‌ನಲ್ಲಿ ಇಟ್ಟುಬಿಡುವುದೂ ಉಂಟು. ಆಮೇಲೆ ಆ ಡಿಸ್ಕ್ ತೆಗೆದರೆ ಹೊಸ ಕಂಪ್ಯೂಟರ್ ಶುರುವಾಗುವುದಿಲ್ಲ. ಎಲ್ಲ ಸಿದ್ಧವಾದ ಮೇಲೆ, ಆಫ್ ಮಾಡಿ ಹಳೆಯದನ್ನು ಜೋಡಿಸಿ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದು ನೀಲಿ ಪಟ್ಟಿಯಾಗಿ ಕಂಡು, ಡಿ, ಇ ಎಂಬ ಅಕ್ಷರ ಮಾತ್ರ ಇಲ್ಲದಿದ್ದರೆ ಸುಲಭ. ಬಲಗಡೆ ಒತ್ತಿ ಅಕ್ಷರ ಕೊಡಿ, ಚಿತ್ರಗಳೆಲ್ಲ ಎದುರಿಗೆ ಬರುತ್ತವೆ. 'ಆಫ್‌ಲೈನ್' ಎಂದಿದ್ದರೆ ಡಿಸ್ಕ್‌ನ ಹೆಸರಿನ ಮೇಲೆ ಬಲಗಡೆ ಒತ್ತಿ 'ಆನ್‌ಲೈನ್' ಮಾಡಿ. ಬೀಗದ ಗುರುತು ಕಂಡರೆ ಹಳೆಯ ಯಂತ್ರದಲ್ಲಿ ಬಿಟ್‌ಲಾಕರ್ ಇತ್ತೆಂದು ಅರ್ಥ. 48 ಅಂಕೆಗಳ ರಿಕವರಿ ಕೀ ಬೇಕು, ಹಳೆಯ ಯಂತ್ರದಲ್ಲಿ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರಬಹುದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನವೇ ಇದನ್ನು ನೋಡಿಕೊಳ್ಳಿ.

'ನಾಟ್ ಇನಿಷಿಯಲೈಸ್ಡ್' ಅಥವಾ 'ರಾ' ಎಂದು ಬಂದರೆ ಕೈ ತಡೆಯಿರಿ. ಡಿಸ್ಕ್‌ನ ಆರಂಭದಲ್ಲಿ ಒಳಗೆ ಏನು ಎಲ್ಲಿದೆ ಎಂಬ ಪರಿವಿಡಿ ಇರುತ್ತದೆ. ಆ ಪರಿವಿಡಿ ಹಾಳಾಗಿದೆ, ಪುಟಗಳು ಇನ್ನೂ ಇರಬಹುದು. ಇನಿಷಿಯಲೈಸ್ ಮಾಡಿದರೆ ಹಳೆಯ ಪರಿವಿಡಿಯ ಮೇಲೆ ಹೊಸದನ್ನು ಬರೆದಂತೆ. ಫಾರ್ಮ್ಯಾಟ್ ಮಾಡಿ ಹೊಸ ಕಡತ ತುಂಬಿದರೆ ಪುಟಗಳೂ ಹೋಗುತ್ತವೆ. ಮೊದಲು ವಯರು, ಕಿಂಡಿ ಬದಲಿಸಿ, ಸಾಧ್ಯವಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಅಲ್ಲಿಯೂ ಹಾಗೆಯೇ ಆದರೆ ಡಿಸ್ಕ್ ಬಿಚ್ಚಿಟ್ಟು ಡಾಟಾ ರಿಕವರಿ ಮಾಡುವವರಲ್ಲಿಗೆ ಹೋಗಿ. ಕಟ್ ಕಟ್ ಎಂದು ಲಯಬದ್ಧ ಸದ್ದು ಬರುತ್ತಿದ್ದರೆ ಒಂದು ನಿಮಿಷವೂ ಚಾಲೂ ಇಡಬೇಡಿ. ಒಳಗಿನ ತಲೆ ತಟ್ಟೆಯನ್ನು ಗೀರುತ್ತಿರಬಹುದು, ಪ್ರತಿ ಸಲ ಆನ್ ಮಾಡಿದಾಗಲೂ ನಷ್ಟ ಹೆಚ್ಚುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಸಲಹೆ ಬಹಳ ಕಾಲದಿಂದ ಓಡಾಡುತ್ತಿದೆ. ತೇವ ಕಟ್ಟಿ ಇನ್ನಷ್ಟು ಕೆಡುತ್ತದೆ, ಬೇಡ.

ಅಂಗಡಿಗೆ ಕೊಡುವ ಮುನ್ನ ಇನ್ನೊಂದು ವಿಷಯವನ್ನು ನಾವು ಹೆಂಗಸರು ಯೋಚಿಸಲೇಬೇಕು. ಮನೆಯೊಳಗೆ ತೆಗೆದ ಚಿತ್ರಗಳು ಆ ಡಿಸ್ಕ್‌ನಲ್ಲಿವೆ. ಕಂಪ್ಯೂಟರ್ ರಿಪೇರಿಗೆ ಹೋಗುವುದಾದರೆ, ಹಳೆಯ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಕಳಿಸಿ. ಎರಡು ವಯರು, ನಾಲ್ಕು ಸ್ಕ್ರೂ, ಐದು ನಿಮಿಷದ ಕೆಲಸ. ಡಿಸ್ಕನ್ನೇ ಕೊಡಬೇಕಾಗಿ ಬಂದರೆ ಕೊಟ್ಟದ್ದಕ್ಕೆ ಕ್ರಮಸಂಖ್ಯೆ ನಮೂದಿಸಿದ ರಶೀದಿ ಪಡೆಯಿರಿ. ಮರಳಿ ಸಿಕ್ಕ ಮೇಲೆ ಅವರ ಯಂತ್ರದಲ್ಲಿ ಮಾಡಿಟ್ಟ ಪ್ರತಿಯನ್ನು ಅಳಿಸುವಂತೆ ಎದುರಿಗೇ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.

ಹೊಸ ಡ್ರೈವ್ ಬೇರೆ ಕಂಪ್ಯೂಟರಿನ ಬಯಾಸ್‌ನಲ್ಲೂ ಕಾಣದಿದ್ದರೆ ಅದು ಕೆಟ್ಟು ಬಂದದ್ದೇ ಇರಬೇಕು. ಆನ್‌ಲೈನಿನಲ್ಲಿ ಕೊಂಡದ್ದಾದರೆ ಮರಳಿಸುವ ಅವಧಿ ಕೆಲವೇ ದಿನ, ಡಬ್ಬ ಹರಿಯದೆ ಬಿಲ್ಲಿನೊಂದಿಗೆ ಜೋಪಾನವಾಗಿಡಿ. ಗಲ್ಫ್‌ನಿಂದ ಬಂದದ್ದಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ತಯಾರಕರ ತಾಣದಲ್ಲಿ ಕ್ರಮಸಂಖ್ಯೆ ಹಾಕಿ ನೋಡಿ. ಕೆಲವು ಕಂಪನಿಗಳು ಕೊಂಡ ದೇಶದಲ್ಲಿ ಮಾತ್ರ ಬದಲಿಸಿ ಕೊಡುತ್ತವೆ. ಹಾಗಿದ್ದರೆ ಊರಿನಿಂದ ಮರಳುವವರ ಚೀಲದಲ್ಲಿ ಅದನ್ನು ಬಿಲ್ಲಿನ ಸಮೇತ ವಾಪಸು ಕಳಿಸಿ.