ಹಿಂದಿನ ಸೀಟಿನ ಬಿಳೇ ಟಾವೆಲ್

ನಮ್ಮ ಮನ್ಯಾಗ ಎರಡು ಪಕ್ಷ ಅದಾವ. ಒಂದು ಜರ್ಮನಿ ಪಕ್ಷ, ಇನ್ನೊಂದು ಜಪಾನ್ ಪಕ್ಷ. ನಮ್ಮ ಹತ್ರ ಇರೋದು ಹನ್ನೊಂದು ವರ್ಷದ ಸಣ್ಣ ಕಾರು, ಅದರ ಒಂದು ಬಾಗಲಾ ಒಳಗಿಂದ ತಗೀಲಿಕ್ಕೆ ಬರಂಗಿಲ್ಲ. ಆದ್ರೂ ರವಿವಾರ ಚಹಾ ಕುಡಕೋತ ನಮ್ಮ ಮನಿಯವ್ರು ಮತ್ತ ಮಗ ಫೋನಿನ್ಯಾಗ ಕೋಟಿ ರೂಪಾಯಿ ಕಾರು ನೋಡಿ ಜಗಳಾಡ್ತಾರ. ಅವರಿಗೆ ಎಎಂಜಿ, ಬ್ರಾಬಸ್ ಬೇಕು. ಮಗನಿಗೆ ಜಪಾನಿನ ವಿಐಪಿ ಸ್ಟೈಲ್. ಅಲ್ಲಿಯವ್ರ ಬಾಯಾಗ ಅದು 'ಬಿಪ್ಪು'. ಮೊದಲ ನಾ ಬರೇ ಉಪ್ಪಿಟ್ಟು ಕೊಟ್ಟು ಎದ್ದು ಹೋಗ್ತಿದ್ದೆ. ಈಗ ನನಗೂ ಒಂದು ಅಭಿಪ್ರಾಯ ಹುಟ್ಟೇತಿ. ಮನ್ಯಾಗ ಯಾರೂ ಕೇಳವಲ್ರು, ಅದಕ್ಕ ಇಲ್ಲಿ ಬರೀತೇನಿ.

ಮೊದಲ ಮನಿಯವ್ರ ಪಕ್ಷ. 1967ರಾಗ ಹಾನ್ಸ್ ವೆರ್ನರ್ ಔಫ್ರೆಕ್ಟ್, ಎರ್ಹಾರ್ಡ್ ಮೆಲ್ಶರ್ ಅನ್ನೋ ಇಬ್ಬರು ಇಂಜಿನಿಯರು ಎಎಂಜಿ ಚಾಲೂ ಮಾಡಿದ್ರು. ಮರ್ಸಿಡಿಸ್ 300 ಎಸ್‌ಇಎಲ್ ಅಂದ್ರ ದೊಡ್ಡ ಮಂದಿ ಹಿಂದ ಕುಂತು ಪೇಪರ್ ಓದೋ ಕಾರು, ಒಂದೂವರೆ ಟನ್ನಿಗಿಂತ ಭಾರ. ಇವರು ಅದರ ಇಂಜಿನ್ನು 6.8 ಲೀಟರಿಗೆ ಏರಿಸಿ, ಕೆಂಪು ಬಣ್ಣ ಬಳದು, 1971ರಾಗ ಬೆಲ್ಜಿಯಂನ ಸ್ಪಾದಾಗ ನಡಿಯೋ 24 ತಾಸಿನ ರೇಸಿಗೆ ಇಳಿಸಿಬಿಟ್ರು. ಸಣ್ಣ, ಹಗುರ ಕಾರುಗಳ ನಡುವ ಈ ಆನಿ ಎರಡನೇ ನಂಬರ್ ಬಂತು! ಆಮ್ಯಾಲ ಫ್ರಾನ್ಸಿನ ಮಾತ್ರಾ ಕಂಪನಿ ಅದನ್ನ ತಗೊಂಡು ವಿಮಾನದ ಗಾಲಿ ಪರೀಕ್ಷೆಗೆ ಓಡಿಸ್ತು. ಯುರೋಪಿನವ್ರ ಪದ್ಧತಿ ಅರ್ಧಕ್ಕರ್ಧ ಈ ಕತಿಯೊಳಗ ಐತಿ. ಐಷಾರಾಮಿ ಕಾರು ಕೈಗೆ ಸಿಕ್ರ ಅವ್ರು ಮೊದಲ ಬಾನೆಟ್ ಎತ್ತತಾರ. 1977ರಾಗ ಬೊಟ್ರೋಪ್ ಊರಾಗ ಶುರುವಾದ ಬ್ರಾಬಸ್ಸೂ ಅಷ್ಟ, ಇ-ಕ್ಲಾಸಿನ ಹೊಟ್ಯಾಗ ವಿ12 ಇಂಜಿನ್ ತುರುಕಿ ತಾಸಿಗೆ 330 ಕಿಲೋಮೀಟರ್ ಓಡಿಸಿ ತೋರಿಸಿದವ್ರು. ಮನ್ಯಾಗ ಆಟೋಬಾನ್ ಐತಿ, ಎಷ್ಟೋ ಕಡೆ ವೇಗದ ಮಿತಿನೂ ಇಲ್ಲ. ರಸ್ತೆನ ಹಂಗ ಕರದ್ರ ಯಾರು ಬಿಟ್ಟಾರು?

ಜಪಾನಿನ್ಯಾಗ ರಸ್ತೆ ಹಂಗ ಕರಿಯಂಗಿಲ್ಲ. ಎಕ್ಸ್‌ಪ್ರೆಸ್‌ವೇದಾಗ ಭಾಳ ವರ್ಷ 100ರ ಮಿತಿ. ಕಾರು ಕಂಪನಿಗಳೂ ತಮ್ಮತಮ್ಮೊಳಗ 280 ಅಶ್ವಶಕ್ತಿ ದಾಟಬಾರದು ಅಂತ ಮಾತಾಡಿಕೊಂಡಿದ್ವು. 80ರ ದಶಕದ ಕೊನಿಗೆ, 90ರ ಶುರುವಿಗೆ ಒಸಾಕಾದ ಕಡೆ ಪೊಲೀಸರು ರೇಸ್ ಹುಡುಗ್ರ ಸ್ಪೋರ್ಟ್ಸ್ ಕಾರಿನ ಮ್ಯಾಲ ಕಣ್ಣಿಟ್ಟಾಗ, ಆ ಹುಡುಗ್ರು ಕಾಕಾ-ಮಾಮಾಗೋಳ ಕಾರಿಗೆ ಬಂದ್ರು ಅಂತ ಹೇಳ್ತಾರ. ನಿಸ್ಸಾನ್ ಸೆಡ್ರಿಕ್, ಗ್ಲೋರಿಯಾ, ಸೀಮಾ. ಟೊಯೋಟಾ ಕ್ರೌನ್, ಸೆಲ್ಸಿಯರ್. ಇಂಜಿನ್ ಮುಟ್ಟಲಿಲ್ಲ. ಕಾರನ್ನ ನೆಲಕ್ಕ ಹತ್ತೋವಷ್ಟು ಕೆಳಗಿಳಿಸಿದ್ರು, ಗಾಲಿ ಅಗಲ ಮಾಡಿದ್ರು, ಕಿಟಕಿಗೆ ಪರದೆ ಕಟ್ಟಿದ್ರು, ಡ್ಯಾಶ್‌ಬೋರ್ಡ್ ಮ್ಯಾಲ ಲೋಟ ಇಡಲಿಕ್ಕೆ ಟೇಬಲ್ ಹಾಕಿದ್ರು. ಜಂಕ್ಷನ್ ಪ್ರೊಡ್ಯೂಸ್ ಅನ್ನೋ ಕಂಪನಿ ಗುಡಿಯೊಳಗಿನಂಥ ಗಂಟು ಹಾಕಿದ ಹಗ್ಗ, ಗೊಂಡೆ ಮಾಡಿ ಮಾರಿತು; ಅವನ್ನ ಕನ್ನಡಿಗೆ ಜೋತು ಬಿಡ್ತಾರ. ನಮ್ಮ ಓಣ್ಯಾಗಿನ ಟೆಂಪೋಕ್ಕ ಲಿಂಬಿಹಣ್ಣು-ಮೆಣಸಿನಕಾಯಿ ಕಟ್ಟೋರಿಗೆ ಇದೇನು ಹೊಸಾದಲ್ಲ.

ಆದ್ರ ಇದೆಲ್ಲಾದ್ರ ಮೂಲ ನೋಡಬೇಕಂದ್ರ ಟೊಯೋಟಾ ಸೆಂಚುರಿ ನೋಡ್ರಿ. ಅದೂ 1967ರದ್ದ, ಎಎಂಜಿ ಹುಟ್ಟಿದ ವರ್ಷ. ಸಾಕಿಚಿ ಟೊಯೋಡಾ ಹುಟ್ಟಿ ನೂರು ವರ್ಷ ಆಗಿದ್ದಕ್ಕ ಆ ಹೆಸರು. ಆ ಮನುಷ್ಯಾ ಮಗ್ಗ ಕಂಡುಹಿಡದಾವ, ಕಾರಿನಾಂವ ಅಲ್ಲ. ಅದಕ್ಕೋ ಏನೋ, ಸೆಂಚುರಿಯೊಳಗ ಬಟ್ಟಿಗೆ ಭಾಳ ಮರ್ಯಾದಿ. ಚರ್ಮದ ಸೀಟು ಅಲುಗಾಡಿದ್ರ ಕಿರ್ ಅಂತೈತಿ ಅಂತ ಉಣ್ಣೀ ಬಟ್ಟೆ ಹಾಕ್ತಾರ. ಕಿಟಕಿಗೆ ಜಾಳಿಗಿ ಪರದೆ, ಸೀಟಿಗೆ ಬಿಳೇ ಲೇಸಿನ ಹೊದಿಕಿ. 1997ರ ಮಾಡೆಲ್ಲಿಗೆ ವಿ12 ಇಂಜಿನ್ನು ಕೊಟ್ರು ಖರೇ, ಆದ್ರ ವೇಗಕ್ಕಲ್ಲ, ಸಪ್ಪಳ ಬರಬಾರದಂತ. ಮುಂದಿನ ಸೀಟಿನ ಬೆನ್ನಾಗ ಒಂದು ಕಿಂಡಿ ಇಟ್ಟಾರ. ಅದನ್ನ ಮಡಚಿ ಹಿಂದ ಕುಂತಾಂವ ಕಾಲು ಚಾಚಬಹುದು. ಪೂರಾ ಕಾರು ಹಿಂದ ಕುಂದ್ರೋ ಮನುಷ್ಯಾಗ ಹೊಲದ ಅಂಗಿ.

ಇಲ್ಲೇ ನನಗ ನಮ್ಮಪ್ಪ ನೆನಪಾಗಿದ್ದು. ಅಪ್ಪ ಸರಕಾರಿ ಕಚೇರಿಯೊಂದರಾಗ ಇಪ್ಪತ್ತೆಂಟು ವರ್ಷ ಡ್ರೈವರ್. ಬಿಳೇ ಅಂಬಾಸಿಡರ್, ಕಿಟಕಿಗೆ ಪರದೆ, ಹಿಂದಿನ ಸೀಟಿನ ಮ್ಯಾಲ ಬಿಳೇ ಟಾವೆಲ್. ಆ ಟಾವೆಲ್ ಸಾಹೇಬ್ರದು, ಆದ್ರ ಒಗೀತಿದ್ದಾಕಿ ನಮ್ಮವ್ವ. ಶನಿವಾರ ರಾತ್ರಿ ನೆನಸಿ, ರವಿವಾರ ಮುಂಜಾನೆ ನೀಲಿ ಹಾಕಿ ಹಿಂಡತಿದ್ಲು. ನನ್ನ ತಮ್ಮ ಒಂದ್ಸಲ ಆಡಿ ಬಂದು ಒಣಗ ಹಾಕಿದ್ದ ಟಾವೆಲ್ಲಿಗೆ ಮಾರಿ ಒರಸಿಕೊಂಡು ಹೊಡತ ತಿಂದ. ಗಾಡಿ ತೊಳಿಯೂ ಮುಂದ ನಾವು ಮಕ್ಕಳು ಕದ್ದು ಹಿಂದಿನ ಸೀಟಿನ್ಯಾಗ ಕುಂದರ್ತಿದ್ವಿ. ಅಪ್ಪ ಮಾತ್ರ ಒಂದು ದಿನಾನೂ ಅಲ್ಲಿ ಕುಂತಿದ್ದು ನಾ ನೋಡಿಲ್ಲ.

ಅದಕ್ಕ ಒಸಾಕಾದ ಆ ಹುಡುಗ್ರು ನನಗ ಸೇರಿದ್ದು. ಅವರು ಸಾಹೇಬನ ಕಾರನ್ನ ಹಿಂದ ಹಾಕಬೇಕು ಅನ್ನಲಿಲ್ಲ. ಸಾಹೇಬನ ಕಾರನ್ನ ತಗೊಂಡು, ಅವನ ಪರದೆ ಕಟ್ಟಿಕೊಂಡು, ಸ್ಟೇರಿಂಗ್ ತಮ್ಮ ಕೈಯಾಗ ಇಟ್ಟುಕೊಂಡ್ರು. ಡ್ರೈವರ್ರೂ ಅವ್ರ, ಸಾಹೇಬ್ರೂ ಅವ್ರ. ಜರ್ಮನಿ ಕಾರಿನ ಸುಖಕ್ಕ ಹಿಂದ ಉಳಿಯೋಕ ಇನ್ನೊಬ್ಬಾಂವ ಬೇಕು. ಖಾಲಿ ರಸ್ತೆದಾಗ ಅದರ ರುಚಿ ಅರ್ಧ ಹೋಗ್ತೈತಿ. ಬಿಪ್ಪು ಕಾರು ನಿಂತಲ್ಲೇ ನಿಂತಿದ್ರೂ ನಡಿತೈತಿ.

ಮನಿಯವ್ರಿಗೆ ಅನ್ಯಾಯ ಮಾಡಬಾರದು. ಅವರು ಆಲ್ಪಿನಾ ತೋರಿಸಿದಾಗ ನಾ ಸುಮ್ಮನಾದೆ. 1965ರಿಂದ ಬಿಎಂಡಬ್ಲ್ಯೂ ಕಾರು ತಿದ್ದಿದ ಮನಿತನ ಅದು. ಜೋರು ಓಡತೈತಿ, ಆದ್ರ ಮೈಮ್ಯಾಲ ಒಂದು ಸಣ್ಣ ಪಟ್ಟಿ ಬಿಟ್ರ ಒದರಾಡಂಗಿಲ್ಲ. ಮೈತುಂಬ ಕಾರ್ಬನ್ ಫೈಬರ್ ಹಚ್ಚಿದ ರೋಲ್ಸ್ ರಾಯ್ಸ್ ತೋರಿಸಿದಾಗ ಮಾತ್ರ ನನಗ ಮದುವಿ ಮನ್ಯಾಗ ಇದ್ದಬದ್ದ ಬಂಗಾರ ಎಲ್ಲಾ ಹೇರಿಕೊಂಡು ಬರೋ ನಮ್ಮ ದೂರದ ಅತ್ತಿ ನೆನಪಾದ್ಲು.

ಮಗನ ಪಕ್ಷದಾಗೂ ಹುಚ್ಚು ಕಮ್ಮಿ ಇಲ್ಲ. 'ಓನಿಕ್ಯಾನ್' ಅಂತ ಒಂದು ಐತಿ, 'ಓನಿ' ಅಂದ್ರ ರಾಕ್ಷಸ. ಗಾಲಿ ಎಷ್ಟು ಓರೆ ಇರ್ತಾವಂದ್ರ ಟೈರಿನ ಒಂದು ಅಂಚಷ್ಟ ನೆಲಕ್ಕ ತಾಕತೈತಿ. ಒಳಗ ಕುಂತಾಂವಗ ಆರಾಮ ಆಗಲಿ ಅಂತ ಹುಟ್ಟಿದ ಕಾರಿನ್ಯಾಗ, ಒಂದು ಸಣ್ಣ ಉಬ್ಬು ಬಂದ್ರ ಬೆನ್ನೆಲುಬು ಜೋಪಾನ ಮಾಡಿಕೋಬೇಕು. ಅಪ್ಪ ಇದ್ದಿದ್ರ ಅದನ್ನ ನೋಡಿ ಅಲೈನ್‌ಮೆಂಟಿಗೆ ಒಯ್ಯಿರಿ ಅಂತಿದ್ದ. ನಾನೂ ಮಗನಿಗೆ ಅದನ್ನ ಹೇಳಿದೆ. ಮಾರಿ ಗಂಟು ಹಾಕಿಕೊಂಡ.

ಹೋದ ರವಿವಾರ ಅವ್ವ ಬಂದಿದ್ಲು. ಮಗ ಅಜ್ಜಿನರೆ ತನ್ನ ಪಕ್ಷಕ್ಕ ಬರಲಿ ಅಂತ ಫೋನು ಹಿಡದು ಸೆಂಚುರಿ ತೋರಿಸಿದ. ಲೇಸಿನ ಪರದೆ, ಸೀಟಿನ ಬಿಳೇ ಹೊದಿಕಿ ಎಲ್ಲಾ ದೊಡ್ಡದು ಮಾಡಿ ಮಾಡಿ ತೋರಿಸಿದ. ಅವ್ವ ಚಸ್ಮಾ ಸರಿ ಮಾಡಿಕೊಂಡು ಭಾಳ ಹೊತ್ತು ನೋಡಿದ್ಲು. ಆಮ್ಯಾಲ ಕೇಳಿದ್ಲು, 'ಛಂದ ಐತಿ ಬಿಡೋ. ಇವನ್ನ ಒಗಿಯೋರು ಯಾರು?'

ಮಗ ನನ್ನ ಮಾರಿ ನೋಡಿದ. ನಾ ಚಹಾದ ಕಪ್ಪು ಎತ್ತಿಕೊಂಡು ಒಳಗ ಹೋದೆ.