ಇಂಜಿನ್ ಕೇಸಿನ ಬಿರುಕು

ಹಿತ್ತಿಲಿನಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ನಿಲ್ಲಿಸಿದ ಹಳೆಯ ಯೆಜ್ಡಿ ಮೋಟಾರ್ ಸೈಕಲನ್ನು ನೀವು ಎಲ್ಲಿಯಾದರೂ ನೋಡಿರುತ್ತೀರಿ. ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು. ಮಾವನವರು ಓಡಿಸಿದ್ದು, ಅವರ ನಂತರ ಯಾರೂ ಮುಟ್ಟಿಲ್ಲ, ಈಗ ಅದರ ಸೀಟು ಕೋಳಿಗಳ ಪಾಲಾಗಿದೆ. ಇತ್ತೀಚೆಗೆ ಹುಡುಗರಿಗೆ ಇಂಥ ಗಾಡಿಗಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿದೆ. 'ಅಮ್ಮಿ, ಇದನ್ನು ರಿಪೇರಿ ಮಾಡಿಸೋಣ' ಎಂದು ಮಗ ಹಟ ಹಿಡಿಯುತ್ತಾನೆ. ಹಣ ಕೇಳುವುದು ಮಾತ್ರ ನಿಮ್ಮ ಬಳಿ! ಆದ್ದರಿಂದ ಈ ಸಲ ಅಡುಗೆಮನೆಯಿಂದ ಹೊರಗೆ ಬಂದು ಸ್ವಲ್ಪ ಇಂಜಿನಿನ ಮಾತಾಡೋಣ.

ಈ ಗಾಡಿ ನಮ್ಮ ನಾಡಿನದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಮೋಟಾರ್ ಸೈಕಲ್ ತಯಾರಿಸಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಿಂದ ಯೆಜ್ಡಿ ಹೆಸರಿನಲ್ಲಿ ಬೇರೆ ಗಾಡಿಗಳು ಬಂದಿವೆ. ಆದರೆ ಅವು ಫೋರ್-ಸ್ಟ್ರೋಕ್ ಇಂಜಿನಿನವು, ಅವುಗಳ ಕೇಸು ಹಳೆಯದಕ್ಕೆ ಕೂರುವುದಿಲ್ಲ. ಹಾಗಾಗಿ ಇರುವ ಕೇಸನ್ನು ಉಳಿಸಿಕೊಳ್ಳುವುದೇ ಮೊದಲ ದಾರಿ.

ಕಡೇಚೂರಿನ ಪರಿಚಯದ ಮನೆಯೊಂದರಲ್ಲಿ ಇಂಥದೇ ಒಂದು ರೋಡ್‌ಕಿಂಗ್ ಇದೆ. ಯಾವ ಕಾಲದಲ್ಲೋ ಚೈನು ಕಡಿದು ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಇಂಜಿನಿನ ಅಲ್ಯೂಮಿನಿಯಂ ಕೇಸು ಬಿರುಕು ಬಿಟ್ಟಿತ್ತು. ಗುಜರಿಯವನು ಬಂದು 'ತೂಕಕ್ಕ ಹಾಕ್ರಿ ಚಾಚಿ, ಇನ್ನೇನ್ ಮಾಡ್ತೀರಿ ಇದನ್ನ' ಎಂದ. ಒಬ್ಬ ಮೆಕ್ಯಾನಿಕ್ ಬಂದು 'ಎಂ-ಸೀಲ್ ಹಚ್ಚಿ ಮ್ಯಾಲೆ ಬಣ್ಣ ಹೊಡೀತೀನ್ರಿ, ಒಡದದ್ದು ಯಾರಿಗೂ ಗೊತ್ತಾಗಂಗಿಲ್ಲ' ಎಂದ. ಮನೆಯಾಕೆ ಹೊಲಿಗೆಯಿಂದ ನಾಲ್ಕು ಕಾಸು ಕೂಡಿಟ್ಟವರು. ಅವರು ಒಂದೇ ಪ್ರಶ್ನೆ ಕೇಳಿದರು: 'ಗೊತ್ತಾಗಂಗಿಲ್ಲ ಅಂದ್ರ ಹುಡುಗ ಅದರ ಮ್ಯಾಲೆ ಕೂಡಬಹುದೇನಪಾ?' ಅವನು ತಲೆ ಕೆರೆದುಕೊಂಡ. ಆ ಪ್ರಶ್ನೆ ಬಹಳ ಸರಿಯಾದದ್ದು. ಏಕೆಂದು ಹೇಳುತ್ತೇನೆ.

ಹಳೆಯ ಯೆಜ್ಡಿಯದು ಟು-ಸ್ಟ್ರೋಕ್ ಇಂಜಿನ್. ಇದರಲ್ಲಿ ಕೇಸು ಬರೀ ಮುಚ್ಚಳವಲ್ಲ, ಅದು ಕಮ್ಮಾರನ ತಿದಿಯ ಕೆಲಸವನ್ನೂ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕು ತಿರುಗುವ ಕೆಳಗಿನ ಕೋಣೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ತಿದಿಗೆ ತೂತು ಬಿದ್ದರೆ ಏನಾಗುತ್ತದೆ? ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಈ ಇಂಜಿನಿಗೆ ಎಣ್ಣೆ ಸಿಗುವುದೂ ಪೆಟ್ರೋಲಿನೊಡನೆ ಬೆರೆತೇ ಆದ್ದರಿಂದ ಎಣ್ಣೆಯೂ ಕಡಿಮೆ. ಇಂಜಿನ್ ಮಿತಿಮೀರಿ ಕಾಯುತ್ತದೆ, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿ ವೇಗದಲ್ಲಿದ್ದಾಗ ಹೀಗಾದರೆ ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಸೈದಾಪುರದ ರಸ್ತೆಯಲ್ಲಿ ಲಾರಿಗಳ ನಡುವೆ ಹೀಗಾಯಿತೆಂದು ಊಹಿಸಿಕೊಳ್ಳಿ.

ಆದ್ದರಿಂದ ಮೆಕ್ಯಾನಿಕ್‌ಗೆ ನೀವು ಕೇಳಬೇಕಾದ ಮೊದಲ ಮಾತು 'ಬಿರುಕು ಎಲ್ಲಿದೆ?' ಎಂಬುದು. ಕೇಸಿನ ಹಿಂಭಾಗದಲ್ಲಿ ಗೇರುಗಳಿರುತ್ತವೆ. ಅಲ್ಲಿನ ಸಣ್ಣ ಬಿರುಕಿನಿಂದ ಎಣ್ಣೆ ಸೋರುತ್ತದೆ, ಅಂಗಳ ಕೊಳೆಯಾಗುತ್ತದೆ. ಎಣ್ಣೆ ಪೂರ್ತಿ ಬರಿದಾಗದಂತೆ ನೋಡಿಕೊಂಡರೆ ಜೀವಕ್ಕೆ ತಕ್ಷಣದ ಅಪಾಯ ಕಡಿಮೆ. ಕ್ರ್ಯಾಂಕಿನ ಕೋಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಬೇರೆಯೇ ಮಾತು. ಎಂ-ಸೀಲ್ ನೀರಿನ ಪೈಪಿಗೆ ಒಳ್ಳೆಯದು, ನಾವೂ ಬಳಸುತ್ತೇವೆ. ಇಲ್ಲಿ ಪೆಟ್ರೋಲು, ಬಿಸಿ, ನಡುಕ ಮೂರೂ ಸೇರಿ ಅಂಟನ್ನು ಸಡಿಲಿಸುತ್ತವೆ. ಮೇಲೆ ಬಣ್ಣವಿದ್ದರೆ ಸಡಿಲಾದದ್ದು ಕಾಣುವುದೂ ಇಲ್ಲ.

ಬಿರುಕಿನ ಕೊನೆ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಾಗದು. ಕೇಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದರೆ ಒಳಗಿನ ಎಣ್ಣೆ ನಿಧಾನಕ್ಕೆ ಜಿನುಗಿ ಗೆರೆ ಮೂಡುತ್ತದೆ. ಶಾಲೆಯ ಚಾಕ್‌ಪೀಸು ಸಾಕು. ಗೆರೆಯ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ.

ಇನ್ನು ವೆಲ್ಡಿಂಗ್. ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ರೈಲ್ವೆಯ ಬೋಗಿ ಫ್ರೇಮ್ ಕಾರ್ಖಾನೆಯೇ ಇರುವಾಗ ವೆಲ್ಡಿಂಗ್ ಎಂಬುದು ಆ ಊರಿನವರಿಗೆ ಹೊಸದೇನಲ್ಲ. ಆದರೆ ಉಕ್ಕಿನದು ಬೇರೆ, ಅಲ್ಯೂಮಿನಿಯಂನದು ಬೇರೆ. ಕಬ್ಬಿಣ ಕಾದರೆ ಕೆಂಪಗಾಗಿ ಮುನ್ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ಒಮ್ಮೆಲೇ ಕರಗಿಬಿಡುತ್ತದೆ. ಒಲೆಯ ಮೇಲೆ ಖಾಲಿ ಪಾತ್ರೆ ಮರೆತು ತಳ ಕಳೆದುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ತೊಡಕೂ ಇದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ, ಅದರ ಮೈಮೇಲೆ ತಾನಾಗಿ ಕಟ್ಟುವ ತೆಳು ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಆರ್ಗಾನ್ ಅನಿಲ ಬಳಸುವ ಟಿಗ್ ವೆಲ್ಡಿಂಗ್ ಈ ಪೊರೆಯನ್ನು ಒಡೆದು, ಗಾಳಿ ತಾಗದಂತೆ ಲೋಹವನ್ನು ಕೂಡಿಸುತ್ತದೆ. ಗೇಟು, ಕಿಟಕಿ ಬೆಸೆಯುವ ಅಂಗಡಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿಯ ಕಡೆ ಲೇಥ್ ಅಂಗಡಿಗಳಲ್ಲಿ 'ಆರ್ಗಾನ್ ವೆಲ್ಡಿಂಗ್' ಎಂದೇ ಕೇಳಿ.

ಹಳೆಯ ಕೇಸು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಬಿರುಕನ್ನು ಉಜ್ಜಿ ಗಾಡಿ ಮಾಡಿ, ಹದವಾಗಿ ಬಿಸಿ ಮಾಡಿ ಆ ಎಣ್ಣೆಯನ್ನು ಹೊರಹಾಕದಿದ್ದರೆ ಬೆಸುಗೆಯೊಳಗೆ ಗುಳ್ಳೆಗಳು ಉಳಿಯುತ್ತವೆ. ಬಿಸಿಗೆ ಕೇಸು ಸೊಟ್ಟಗಾಗದಂತೆ ದಪ್ಪ ಫಲಕಕ್ಕೆ ಬೋಲ್ಟ್ ಹಾಕಿ ಬಿಗಿದೇ ಬೆಸೆಯಬೇಕು. ಆಮೇಲೆ ಬೇರಿಂಗ್ ಕೂರುವ ತೂತು ಮತ್ತು ಎರಡು ಹೋಳುಗಳು ಕೂಡುವ ಅಂಚು ಸಮವಿದೆಯೇ ಎಂದು ಅಳೆಯಬೇಕು. ಆತುರದವರು ಬಿಟ್ಟುಬಿಡುವುದು ಇದನ್ನೇ. ನೆನಪಿಡಿ, ಕೇಸಿನ ಎರಡು ಹೋಳುಗಳು ಜೋಡಿ. ಬೇರೆ ಗಾಡಿಯ ಒಂದು ಹೋಳು ತಂದು ಕೂಡಿಸಿದರೆ ಕ್ರ್ಯಾಂಕು ನೇರ ಕೂರುವ ಭರವಸೆಯಿಲ್ಲ.

ಬೋಲ್ಟಿನ ಮರೆ ಸವೆದಿದ್ದರೆ ಭಯ ಬೇಡ, ಹೊಸ ಮರೆಯ ಸುರುಳಿ ಕೂರಿಸುತ್ತಾರೆ. ಜರ್ಮನಿಯ ಪೋರ್ಷೆ 911 ಎಂಬ ದುಬಾರಿ ಸ್ಪೋರ್ಟ್ಸ್ ಕಾರಿಗೂ 1968ರಿಂದ ಕೆಲವು ವರ್ಷ ಮೆಗ್ನೀಸಿಯಂ ಕೇಸು ಹಾಕುತ್ತಿದ್ದರು. ಅದರ ಬೋಲ್ಟುಗಳು ಮರೆ ಸಮೇತ ಕಿತ್ತು ಬರುತ್ತಿದ್ದವು. ಅಲ್ಲಿಯೂ ರಿಪೇರಿ ಮಾಡುವುದು ಹೀಗೆಯೇ!

ಕೆಲಸ ಮುಗಿದ ಮೇಲೆ 'ಆಯ್ತು' ಎಂಬ ಮಾತಿಗೆ ಹಣ ಕೊಡಬೇಡಿ. ಹೊಸ ಆಯಿಲ್ ಸೀಲುಗಳನ್ನು ಹಾಕಿ ಇಂಜಿನ್ ಕೂಡಿಸಿದ ಮೇಲೆ, ಎಲ್ಲ ಬಾಯಿಗಳನ್ನು ಮುಚ್ಚಿಸಿ ಸ್ವಲ್ಪವೇ ಗಾಳಿ ತುಂಬಿಸಿ, ಮೇಲೆ ಸೋಪಿನ ನೀರು ಹಚ್ಚಲು ಹೇಳಿ. ಪಂಕ್ಚರ್ ಅಂಗಡಿಯ ಪರೀಕ್ಷೆಯೇ ಇದು. ಗುಳ್ಳೆ ಬಂದರೆ ಕೆಲಸ ಮುಗಿದಿಲ್ಲ.

ಇಷ್ಟು ಖರ್ಚು ನಮ್ಮ ಕೈಲಾಗದು, ಮಾರಿಬಿಡೋಣ ಎಂದರೆ ಅದೂ ತಪ್ಪಲ್ಲ. ಒಡೆದದ್ದನ್ನು ತೋರಿಸಿ ಮಾರಿ. ಮದ್ರಸದ ಫಿಕ್ಹ್ ಪಾಠದಲ್ಲಿ 'ಖಿಯಾರುಲ್ ಐಬ್' ಎಂಬುದಿದೆ. ಮುಚ್ಚಿಟ್ಟ ದೋಷ ಕಂಡುಬಂದರೆ ಕೊಂಡವನಿಗೆ ಮಾಲನ್ನು ಹಿಂತಿರುಗಿಸುವ ಹಕ್ಕಿದೆ. ಎಂ-ಸೀಲಿನ ಮೇಲಿನ ಬಣ್ಣಕ್ಕೂ ಅದೇ ಲೆಕ್ಕ.

ಕೊನೆಯದಾಗಿ ಕಾಗದಪತ್ರ. ಇಂಜಿನ್ ನಂಬರು ಕೆತ್ತಿರುವುದು ಈ ಕೇಸಿನ ಮೇಲೆಯೇ. ಉಜ್ಜುವಾಗ ಅದು ಅಳಿಸಿದರೆ, ಅಥವಾ ಗುಜರಿಯಿಂದ ಬೇರೆ ಕೇಸು ತಂದು ಹಾಕಿದರೆ ಆರ್.ಸಿ. ಪುಸ್ತಕಕ್ಕೂ ಗಾಡಿಗೂ ತಾಳೆಯಾಗದೆ ಹುಡುಗ ಕದ್ದ ಗಾಡಿಯ ಅನುಮಾನಕ್ಕೆ ಸಿಗುತ್ತಾನೆ. ಕೆಲಸಕ್ಕೆ ಕೊಡುವ ಮೊದಲೇ ನಂಬರಿನ ಫೋಟೋ ತೆಗೆದಿಡಿ. 15 ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿಯನ್ನು ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಪುಸ್ತಕ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದ್ದರೆ ಆರ್.ಟಿ.ಒ. ಕಚೇರಿಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31 ಕೇಳಿ ಪಡೆಯಿರಿ. ಮರಣ ಪ್ರಮಾಣಪತ್ರ ಜೊತೆಗಿರಲಿ.